ಮುಂಜಾನಿ ಗುಳಿಗಿ, ರಾತ್ರಿ ಗುಳಿಗಿ

"ಅಣ್ಣಾ, ಹನ್ನೊಂದು ದಿನಾ ಆತು. ಮುಂಜಾನಿ ಗುಳಿಗಿ ಏನೂ ಕೆಲಸಾ ಮಾಡವಲ್ದು. ಬಿಟ್ಟಬಿಡ್ಲೇನು?"

ವಿಜಯಪುರದಿಂದ ಪುಣೆಗೆ ಬಂದು ಹಿಂಜವಡಿಯ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದ ನನ್ನ ಸೋದರತ್ತೆಯ ಮಗ ಫೋನಿನಲ್ಲಿ ಹೀಗೆ ಕೇಳಿದಾಗ ರಾತ್ರಿ ಹನ್ನೊಂದು ದಾಟಿತ್ತು. ನಾನು ಪತ್ರಿಕೆಗೆ ಬರೆಯುವವನೇ ಹೊರತು ಡಾಕ್ಟರಲ್ಲ. "ಡಾಕ್ಟರ್‌ಗೆ ಕೇಳಪಾ" ಎಂದೆ. "ತಿಂಗಳಾ ಬಿಟ್ಟು ಬಾ ಅಂದಾರ" ಎಂದ. ಮತ್ತೆ ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಅವನ ರೂಮಿನ ಫ್ಯಾನಿನ ಸದ್ದು ಕೇಳುತ್ತಿತ್ತು.

ಅವನಿಗೆ ಬರೆದುಕೊಟ್ಟಿದ್ದು ಎರಡು ಮಾತ್ರೆ. ಮುಂಜಾನೆಯದು ಎಸಿಟಲೊಪ್ರಾಮ್, ಖಿನ್ನತೆಯ ಔಷಧಿ. ರಾತ್ರಿಯದು ಕ್ಲೋನಾಜೆಪಾಮ್, ತಳಮಳ ತಗ್ಗಿಸಿ ನಿದ್ದೆ ತರುವಂಥದ್ದು. ರಾತ್ರಿಯ ಮಾತ್ರೆ ಮೊದಲ ದಿನವೇ ನಿದ್ದೆ ತಂದಿತು. ಮುಂಜಾನೆಯದು ತಂದದ್ದು ವಾಕರಿಕೆ, ಒಂದಿಷ್ಟು ತಲೆನೋವು. ಎರಡರಲ್ಲಿ ಯಾವುದು ಖರೇ ಔಷಧಿ ಎಂದು ಅವನು ತನಗೆ ತಾನೇ ತೀರ್ಮಾನ ಮಾಡಿಕೊಂಡ. ಹನ್ನೆರಡನೆಯ ದಿನ ಮುಂಜಾನೆಯದನ್ನು ಬಿಟ್ಟ. ರಾತ್ರಿಯದನ್ನು ಹೆಚ್ಚುಕಡಿಮೆ ನಾಲ್ಕು ವರ್ಷ ನುಂಗಿದ. ಹಳೆಯ ಚೀಟಿಯನ್ನೇ ತೋರಿಸಿ, ಆಮೇಲೆ ಅದನ್ನೂ ತೋರಿಸದೆ.

ಹತ್ತು ದಿನಕ್ಕೆಂದು ಬಂದ ನೆಂಟ ಮನೆಯಲ್ಲೇ ಉಳಿದು, ಮನೆಯವನೇ ಎದ್ದು ಹೋದಂತಾಯಿತು ಇದು. ಅವನೊಬ್ಬನ ತಪ್ಪು ಎಂದು ನಾನು ಬಹಳ ದಿನ ಅಂದುಕೊಂಡಿದ್ದೆ. ಓದುತ್ತಾ ಹೋದಂತೆ, ನಾಲ್ಕು ಜನ ಬಲ್ಲವರನ್ನು ಕೇಳುತ್ತಾ ಹೋದಂತೆ ತಿಳಿದದ್ದೇ ಬೇರೆ. ಖಿನ್ನತೆಯ ಔಷಧಿ ನಿಧಾನ. ಆ ನಿಧಾನವನ್ನು ಇನ್ನೊಂದು ಮಾತ್ರೆ ಸೇರಿಸಿ ಕಳೆಯಲಾದೀತೇ ಎಂದು ವೈದ್ಯಲೋಕ ಐದಾರು ದಶಕಗಳಿಂದ ತಡಕಾಡುತ್ತಲೇ ಇದೆ. ನಾನು ತಮ್ಮನೆಂದೇ ಕರೆಯುವ ಈ ಹುಡುಗನ ರಾತ್ರಿಯ ಗುಳಿಗಿ ಆ ತಡಕಾಟದ ಒಂದು ತುಣುಕು.

ಟಾಕಿಯ ತೇಲುಗುಂಡು

ಕಥೆ ನಮ್ಮ ಕಾಡಿನ ಗಿಡವೊಂದರ ಬಳಿಯಿಂದಲೇ ಹಾದುಹೋಗುತ್ತದೆ. ಸರ್ಪಗಂಧ. ರಕ್ತದೊತ್ತಡ ಇಳಿಸಲು ಅದನ್ನು ಬಳಸಬಹುದೆಂದು ಮುಂಬೈಯ ವೈದ್ಯ ರುಸ್ತುಂ ಜಾಲ್ ವಕೀಲ್ 1949ರಲ್ಲಿ ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ಬರೆದ ಮೇಲೆ ಜಗತ್ತು ಅದರ ಕಡೆ ತಿರುಗಿ ನೋಡಿತು. ಅದರಿಂದ ತೆಗೆದ ರೆಸರ್ಪಿನ್ ತೆಗೆದುಕೊಂಡ ಕೆಲವರು ಮಂಕಾದರು, ಖಿನ್ನರಾದರು. ಮಿದುಳಿನ ಸೆರೊಟೋನಿನ್ ಮುಂತಾದ ರಾಸಾಯನಿಕಗಳನ್ನು ರೆಸರ್ಪಿನ್ ಬರಿದುಮಾಡುತ್ತದೆ ಎಂಬುದು 1950ರ ದಶಕದಲ್ಲಿ ಗೊತ್ತಾಯಿತು. ಅದೇ ಹೊತ್ತಿಗೆ ಅಮೆರಿಕದಲ್ಲಿ ಕ್ಷಯರೋಗಿಗಳಿಗೆ ಕೊಡುತ್ತಿದ್ದ ಇಪ್ರೊನಿಯಾಜಿಡ್ ಎಂಬ ಔಷಧಿ ರೋಗಿಗಳ ಎದೆಗಿಂತ ಹೆಚ್ಚಾಗಿ ಮನಸ್ಸನ್ನು ಹಗುರ ಮಾಡುತ್ತಿತ್ತು. 1957ರಲ್ಲಿ ಸ್ವಿಟ್ಜರ್ಲೆಂಡಿನ ರೋಲಾಂಡ್ ಕೂನ್, ಇಮಿಪ್ರಮಿನ್ ಎಂಬ ಔಷಧಿ ಖಿನ್ನತೆ ಇಳಿಸುತ್ತದೆ ಎಂದು ವರದಿ ಮಾಡಿದ. ಈ ಎಲ್ಲವನ್ನೂ ಕೂಡಿಸಿ ವಿಜ್ಞಾನಿಗಳು ಒಂದು ಲೆಕ್ಕ ಹಾಕಿದರು: ರಾಸಾಯನಿಕ ಕಡಿಮೆಯಾದರೆ ಖಿನ್ನತೆ, ಹೆಚ್ಚಿಸಿದರೆ ಗುಣ.

ಲೆಕ್ಕ ಚೆಂದವಿತ್ತು, ತಾಳೆಯಾಗಲಿಲ್ಲ. ಇಂದಿನ ಎಸಿಟಲೊಪ್ರಾಮ್‌ನಂಥ ಮಾತ್ರೆ ಸೆರೊಟೋನಿನ್ ಮರಳಿ ಹೀರಿಹೋಗುವುದನ್ನು ಕೆಲವೇ ಗಂಟೆಗಳಲ್ಲಿ ತಡೆಯುತ್ತದೆ. ಹಾಗಿದ್ದರೆ ಮರುದಿನವೇ ಮನಸ್ಸು ಎದ್ದು ಕೂರಬೇಕಿತ್ತಲ್ಲ? ಎರಡು, ಮೂರು, ಕೆಲವೊಮ್ಮೆ ಆರು ವಾರ ಯಾಕೆ ಬೇಕು?

ನಮ್ಮ ಮನೆಗಳ ಮೇಲಿನ ನೀರಿನ ಟಾಕಿಯನ್ನು ನೆನೆಸಿಕೊಳ್ಳಿ. ಅದರೊಳಗೊಂದು ತೇಲುಗುಂಡು ಇರುತ್ತದೆ. ನೀರು ಏರಿದರೆ ಗುಂಡೂ ಏರಿ ಒಳಬರುವ ನೀರನ್ನು ನಿಲ್ಲಿಸುತ್ತದೆ. ಸೆರೊಟೋನಿನ್ ಸೂಸುವ ನರಕೋಶಗಳ ಮೇಲೂ ಇಂಥದೊಂದು ತೇಲುಗುಂಡು ಇದೆ. ಮಾತ್ರೆ ತೆಗೆದುಕೊಂಡು ಮಟ್ಟ ಏರಿದೊಡನೆ 'ಸಾಕು, ಹೆಚ್ಚಾಯಿತು' ಎಂದು ಅದು ಕೋಶದ ಕೆಲಸವನ್ನೇ ತಗ್ಗಿಸುತ್ತದೆ. ಔಷಧಿ ಹೊರಹೋಗುವ ತೂತು ಮುಚ್ಚಿದರೆ ಇದು ಒಳಬರುವ ನಲ್ಲಿ ಮುಚ್ಚುತ್ತದೆ. ಏರಿದ ಮಟ್ಟಕ್ಕೆ ಒಗ್ಗಿಹೋಗಿ ಗುಂಡು ಸಡಿಲಾಗಲು ಎರಡು ಮೂರು ವಾರ ಹಿಡಿಯುತ್ತದೆ. ಆಮೇಲೆ ನರಕೋಶಗಳ ನಡುವಿನ ಹೊಸ ಸಂಪರ್ಕಗಳು ಚಿಗುರಬೇಕು, ಅದಕ್ಕೆ ಮತ್ತಷ್ಟು ದಿನ. ಖಿನ್ನತೆಯೆಂದರೆ ಬರೀ ಸೆರೊಟೋನಿನ್ ಕೊರತೆ ಎಂಬ ಹಳೆಯ ಸರಳ ಮಾತನ್ನು ಈಗ ಯಾರೂ ಅಷ್ಟು ಧೈರ್ಯವಾಗಿ ಹೇಳುವುದಿಲ್ಲ. ಆದರೆ ಕಾಯಬೇಕು ಎಂಬುದಂತೂ ಎಲ್ಲರೂ ಒಪ್ಪಿದ ಮಾತು.

ಕಾಯುವ ಆ ದಿನಗಳೇ ಕಷ್ಟದವು. ಅಡ್ಡಪರಿಣಾಮ ಮೊದಲು ಬರುತ್ತದೆ, ಪರಿಣಾಮ ಆಮೇಲೆ. ಕೆಲವರಲ್ಲಿ ಮೈಯ ಚೈತನ್ಯ ಮೊದಲು ಮರಳಿ ಮನದ ಕತ್ತಲೆ ಹಾಗೇ ಉಳಿದಿರುತ್ತದೆ. ಹುಡುಗರಲ್ಲಿ, ಎಳೆಯ ವಯಸ್ಸಿನವರಲ್ಲಿ ಈ ಹೊತ್ತು ಆತ್ಮಹತ್ಯೆಯ ಯೋಚನೆಗಳ ಬಗ್ಗೆ ಎಚ್ಚರ ಬೇಕೆಂದು ಅಮೆರಿಕದ ಔಷಧ ಆಡಳಿತ 2004ರಲ್ಲಿ ಔಷಧಿಯ ಮಾಹಿತಿಪತ್ರದಲ್ಲಿ ಕಪ್ಪು ಚೌಕದ ಎಚ್ಚರಿಕೆ ಹಾಕಿಸಿತು. 2007ರಲ್ಲಿ ಅದನ್ನು 24ರ ವಯಸ್ಸಿನವರೆಗೆ ವಿಸ್ತರಿಸಿತು. 'ತಿಂಗಳಾ ಬಿಟ್ಟು ಬಾ' ಎಂಬ ಮಾತು ನನಗೆ ಇಂದಿಗೂ ಚುಚ್ಚುವುದು ಇದಕ್ಕೇ.

ಬೇಗ ಬಾ ಎಂದು ಕರೆದವರು

ಮೊದಲು ಹೊಳೆದದ್ದು ಥೈರಾಯ್ಡ್. 1969ರಲ್ಲಿ ಅಮೆರಿಕದ ಉತ್ತರ ಕೆರೊಲಿನಾದಲ್ಲಿ ಆರ್ಥರ್ ಪ್ರಾಂಜ್ ಮತ್ತು ಸಂಗಡಿಗರು ಇಮಿಪ್ರಮಿನ್ ಜೊತೆ ಅತಿ ಸಣ್ಣ ಪ್ರಮಾಣದ ಥೈರಾಯ್ಡ್ ಹಾರ್ಮೋನು ಸೇರಿಸಿ ನೋಡಿದರು. ರೋಗಿಗಳು ಬೇಗ ಚೇತರಿಸಿಕೊಂಡರು, ಹೆಂಗಸರು ಇನ್ನೂ ಬೇಗ. 1981ರಲ್ಲಿ ಕೆನಡಾದ ಕ್ಲಾಡ್ ದ ಮಾಂಟಿನ್ಯಿ, ಔಷಧಿ ನಾಟದೆ ಉಳಿದಿದ್ದ ಎಂಟು ಜನಕ್ಕೆ ಲಿಥಿಯಂ ಸೇರಿಸಿದಾಗ ಎರಡು ದಿನದೊಳಗೆ ಬದಲಾವಣೆ ಕಂಡ. ಎಂಟೇ ಜನ, ಆದರೂ ಲೋಕವೇ ಕಿವಿ ನಿಮಿರಿಸಿತು. ಲಿಥಿಯಂ ಇಂದಿಗೂ ಬಳಕೆಯಲ್ಲಿದೆ. ಆದರೆ ರಕ್ತದಲ್ಲಿ ಅದರ ಮಟ್ಟ, ಮೂತ್ರಪಿಂಡ, ಥೈರಾಯ್ಡ್ ಎಲ್ಲವನ್ನೂ ಆಗಾಗ ಪರೀಕ್ಷಿಸುತ್ತಿರಬೇಕು.

ತೇಲುಗುಂಡನ್ನೇ ಕಟ್ಟಿಹಾಕಿದರೆ ಹೇಗೆ ಎಂದು ಕೇಳಿದವರು ಬಾರ್ಸಿಲೋನಾದ ಫ್ರಾನ್ಸೆಸ್ಕ್ ಆರ್ತಿಗಾಸ್. 1994ರ ಸುಮಾರಿಗೆ ರಕ್ತದೊತ್ತಡಕ್ಕೆ ಕೊಡುವ ಪಿಂಡೊಲೊಲ್ ಎಂಬ ಮಾತ್ರೆಯನ್ನು ಅದಕ್ಕೆ ಬಳಸಿದರು. ಇಡೀ ಶಾಸ್ತ್ರದಲ್ಲಿ ಇಷ್ಟು ಅಚ್ಚುಕಟ್ಟಾದ ಉಪಾಯ ಇನ್ನೊಂದಿಲ್ಲ ಎಂದು ನನಗನ್ನಿಸುತ್ತದೆ. ಮೊದಲ ಎರಡು ವಾರ ಲಾಭವೂ ಕಂಡಿತು. ಆಮೇಲೆ ಪಿಂಡೊಲೊಲ್ ತೆಗೆದುಕೊಂಡವರೂ ತೆಗೆದುಕೊಳ್ಳದವರೂ ಒಂದೇ ಕಡೆ ಬಂದು ನಿಂತರು. ಮಿದುಳಿನ ಚಿತ್ರ ತೆಗೆದು ನೋಡಿದರೆ, ಕೊಡುತ್ತಿದ್ದ ಪ್ರಮಾಣ ಗುಂಡನ್ನು ಪೂರ್ತಿ ಕಟ್ಟಲು ಸಾಲುತ್ತಲೇ ಇರಲಿಲ್ಲ.

ಒಂದರ ಬದಲು ಎರಡು ಖಿನ್ನತೆಯ ಔಷಧಿಯನ್ನೇ ಮೊದಲ ದಿನದಿಂದ ಕೊಟ್ಟರೆ? 2010ರಲ್ಲಿ ಕೆನಡಾದ ಪಿಯರ್ ಬ್ಲಿಯೇ ತಂಡ 105 ರೋಗಿಗಳ ಮೇಲೆ ಇದನ್ನು ಪರೀಕ್ಷಿಸಿತು. ಫ್ಲುಆಕ್ಸೆಟಿನ್ ಒಂದನ್ನೇ ಪಡೆದವರಲ್ಲಿ ನಾಲ್ಕರಲ್ಲೊಬ್ಬರು ಆರು ವಾರದಲ್ಲಿ ಪೂರ್ತಿ ಗುಣವಾದರೆ, ಮಿರ್ಟಜಪಿನ್ ಜೊತೆ ಇನ್ನೊಂದನ್ನು ಪಡೆದವರಲ್ಲಿ ಸುಮಾರು ಅರ್ಧದಷ್ಟು ಜನ. ಎಲ್ಲರೂ ಹುಬ್ಬೇರಿಸಿದರು. ಮರುವರ್ಷವೇ ಅಮೆರಿಕದಲ್ಲಿ 665 ಜನರ ಮೇಲೆ ನಡೆದ ದೊಡ್ಡ ಪರೀಕ್ಷೆಯ ಫಲಿತಾಂಶ ಬಂತು. ಒಂದು ಮಾತ್ರೆಯವರೂ ಎರಡು ಮಾತ್ರೆಯವರೂ ಹನ್ನೆರಡು ವಾರಕ್ಕೆ ಸರಿಸಮ, ನೂರಕ್ಕೆ ಮೂವತ್ತೆಂಟು ಮೂವತ್ತೊಂಬತ್ತು ಜನ ಗುಣ. ಒಂದು ಜೋಡಿಯಲ್ಲಂತೂ ಅಡ್ಡಪರಿಣಾಮ ಹೆಚ್ಚು. 2018ರಲ್ಲಿ ಬ್ರಿಟನ್ನಿನಲ್ಲಿ, ಮೊದಲ ಮಾತ್ರೆ ನಾಟದೆ ಉಳಿದ 480 ಜನಕ್ಕೆ ಮಿರ್ಟಜಪಿನ್ ಸೇರಿಸಿದಾಗಲೂ ಹೇಳಿಕೊಳ್ಳುವಂಥ ಲಾಭ ಸಿಗಲಿಲ್ಲ. ಆದರೆ ಕಥೆ ಅಲ್ಲಿಗೂ ಮುಗಿಯಲಿಲ್ಲ. 39 ಪರೀಕ್ಷೆಗಳನ್ನು ಒಟ್ಟಿಗಿಟ್ಟು 2022ರಲ್ಲಿ ಲೆಕ್ಕ ಹಾಕಿದ ಜರ್ಮನಿಯ ತಂಡ, ಮಿರ್ಟಜಪಿನ್ ಬಗೆಯ ಔಷಧಿ ಸೇರಿದ ಜೋಡಿಗಳಿಗೆ ಒಂದಿಷ್ಟು ಮೇಲುಗೈ ಇದೆ, ಬುಪ್ರೊಪಿಯಾನ್ ಎಂಬ ಇನ್ನೊಂದು ಖಿನ್ನತೆಯ ಔಷಧಿ ಸೇರಿದ ಜೋಡಿಗಳಿಗಿಲ್ಲ ಎಂದಿತು. ಸಣ್ಣ ಪರೀಕ್ಷೆಯಲ್ಲಿ ಹೊಳೆದದ್ದು ದೊಡ್ಡದರಲ್ಲಿ ಮಾಸುವುದು ಈ ಕ್ಷೇತ್ರದ ಹಣೆಬರಹ. ಹಾಗೆಂದು ಎಲ್ಲವನ್ನೂ ತಳ್ಳಿಹಾಕುವಂತೆಯೂ ಇಲ್ಲ.

ನಿಜವಾಗಿ ವೇಗ ತೋರಿಸಿದ್ದು ಬೇರೆ ದಾರಿಯಲ್ಲಿ ಬಂದ ಕೆಟಮಿನ್. ಆಪರೇಷನ್ ಥಿಯೇಟರಿನ ಅರಿವಳಿಕೆ ಮದ್ದು ಅದು. 2000ನೇ ಇಸವಿಯಲ್ಲಿ ಅಮೆರಿಕದ ಯೇಲ್‌ನಲ್ಲಿ ಏಳು ರೋಗಿಗಳು, 2006ರಲ್ಲಿ ಅಲ್ಲಿನ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಹದಿನೆಂಟು ರೋಗಿಗಳು. ಎರಡನೆಯದರಲ್ಲಿ ಎರಡು ಗಂಟೆಯೊಳಗೆ ಮನಸ್ಸು ಹಗುರಾದದ್ದು ದಾಖಲಾಯಿತು. ಅದರ ತಮ್ಮನಂಥ ಎಸ್ಕೆಟಮಿನ್ ಮೂಗಿನ ಸ್ಪ್ರೇಗೆ 2019ರ ಮಾರ್ಚ್‌ನಲ್ಲಿ ಅಮೆರಿಕ ಅನುಮತಿ ಕೊಟ್ಟಾಗ ಒಂದು ಷರತ್ತಿತ್ತು: ಬಾಯಿಯಿಂದ ತೆಗೆದುಕೊಳ್ಳುವ ಖಿನ್ನತೆಯ ಮಾತ್ರೆಯೂ ಜೊತೆಗಿರಬೇಕು. ರಕ್ತದೊತ್ತಡ ಏರುತ್ತದೆ, ತಾನು ತನ್ನಿಂದ ಬೇರೆಯಾದಂಥ ಅನುಭವ ಆಗುತ್ತದೆ, ಚಟವಾಗುವ ಭಯವಿದೆ. ಆದ್ದರಿಂದ ಆಸ್ಪತ್ರೆಯಲ್ಲಿ ಕೂರಿಸಿಕೊಂಡೇ ಕೊಡಬೇಕು. 2022ರಲ್ಲಿ ಅಲ್ಲೇ ಒಪ್ಪಿಗೆ ಪಡೆದ ಇನ್ನೊಂದು ಜೋಡಿಯಲ್ಲಿರುವುದು ನಮ್ಮ ಕೆಮ್ಮಿನ ಸಿರಪ್ಪಿನ ಡೆಕ್ಸ್ಟ್ರೊಮೆಥೊರ್ಫಾನ್. ಅದು ಯಕೃತ್ತಿನಲ್ಲಿ ಬೇಗ ಕರಗಿಹೋಗದಂತೆ ಬುಪ್ರೊಪಿಯಾನ್ ಕಾಯುತ್ತದೆ. ಒಂದೇ ವಾರದಲ್ಲಿ ವ್ಯತ್ಯಾಸ ಕಂಡಿತೆಂದು ಪರೀಕ್ಷೆಗಳು ಹೇಳಿದವು.

ಇದನ್ನು ಓದಿ ಯಾರೂ ಮನೆಯಲ್ಲಿರುವ ಕೆಮ್ಮಿನ ಬಾಟಲಿಗೆ ಕೈಹಾಕಬೇಡಿ. ಎಸಿಟಲೊಪ್ರಾಮ್‌ನಂಥ ಮಾತ್ರೆಯ ಮೇಲಿರುವವರು ಈ ಸಿರಪ್, ನೋವಿನ ಟ್ರಮಡೊಲ್, ಕ್ಷಯದ ಚಿಕಿತ್ಸೆಯಲ್ಲೂ ಬಳಸುವ ಲಿನಿಜೊಲಿಡ್ ಇವನ್ನು ತಾವಾಗಿ ಸೇರಿಸಿಕೊಂಡರೆ ಸೆರೊಟೋನಿನ್ ಅತಿಯಾಗಿ ಜ್ವರ, ನಡುಕ, ಗೊಂದಲ ಉಂಟಾಗಿ ಜೀವಕ್ಕೇ ಕುತ್ತಾಗಬಹುದು. ಹಲ್ಲುನೋವಿಗೆ ಹೋದರೂ ಸರಿ, ತೆಗೆದುಕೊಳ್ಳುತ್ತಿರುವ ಮಾತ್ರೆಯ ಹೆಸರು ಹೇಳುವುದು ಕಡ್ಡಾಯ. ಹೇಳಲು ನಾಚಿಕೊಳ್ಳುವವರೇ ನಮ್ಮಲ್ಲಿ ಹೆಚ್ಚು.

ಒಂದೇ ಪಟ್ಟಿಯಲ್ಲಿ ಎರಡು

ಈಗ ರಾತ್ರಿಯ ಗುಳಿಗಿಗೆ ಬರೋಣ. 1998ರಲ್ಲಿ ಅಮೆರಿಕದ ವಾರ್ಡ್ ಸ್ಮಿತ್ ಮತ್ತು ಜೊತೆಗಾರರು 80 ರೋಗಿಗಳಿಗೆ ಫ್ಲುಆಕ್ಸೆಟಿನ್ ಕೊಟ್ಟು, ಅರ್ಧದಷ್ಟು ಜನಕ್ಕೆ ಕ್ಲೋನಾಜೆಪಾಮ್‌ನ ಸಣ್ಣ ಮಾತ್ರೆಯನ್ನೂ ಸೇರಿಸಿದರು. ಮೊದಲ ಮೂರು ವಾರ ಸೇರಿಸಿದವರ ಸ್ಥಿತಿ ಉತ್ತಮವಾಗಿತ್ತು. ನಿದ್ದೆ ಬಂತು, ತಳಮಳ ಇಳಿಯಿತು, ಔಷಧಿಯ ಮೇಲೆ ನಂಬಿಕೆ ಹುಟ್ಟಿತು. 2019ರಲ್ಲಿ ಜಪಾನಿನ ಸಂಶೋಧಕರು, ವೈದ್ಯಕೀಯ ಪರೀಕ್ಷೆಗಳನ್ನು ಒಟ್ಟಿಗಿಟ್ಟು ತೂಗುವ ಕಾಕ್ರೇನ್ ಸಂಸ್ಥೆಗಾಗಿ ಇಂಥ 10 ಪರೀಕ್ಷೆಗಳ, 731 ರೋಗಿಗಳ ಲೆಕ್ಕ ತೆಗೆದಾಗಲೂ ಅದೇ ಕಂಡಿತು. ಮೊದಲ ನಾಲ್ಕು ವಾರ ಲಾಭವಿದೆ, ಆಮೇಲೆ ಇಲ್ಲ.

ಅಂದರೆ ಸೋದರತ್ತೆಯ ಮಗನಿಗೆ ಬರೆದುಕೊಟ್ಟ ಚೀಟಿಯಲ್ಲಿ ಶಾಸ್ತ್ರದ ತಪ್ಪಿರಲಿಲ್ಲ. ಇರಬೇಕಾದ ಒಂದು ಸಾಲು ಇರಲಿಲ್ಲ. ಈ ಮಾತ್ರೆ ಯಾವ ತಾರೀಖಿಗೆ ನಿಲ್ಲಬೇಕು ಎಂಬ ಸಾಲು. ಕ್ಲೋನಾಜೆಪಾಮ್ ವಾರಗಟ್ಟಲೆ ದಾಟಿ ತಿಂಗಳುಗಟ್ಟಲೆ ಸಾಗಿದರೆ ಮೈ ಅದಕ್ಕೆ ಒಗ್ಗಿಕೊಳ್ಳುತ್ತದೆ. ದಿಢೀರನೆ ಬಿಟ್ಟರೆ ನಿದ್ದೆ ಹಾರುತ್ತದೆ, ಕೈ ನಡುಗುತ್ತದೆ, ಕೆಲವರಿಗೆ ಫಿಟ್ಸ್ ಬರುವುದೂ ಉಂಟು. ಮುದುಕರಲ್ಲಿ ಮರೆವು, ರಾತ್ರಿ ಎದ್ದಾಗ ಬೀಳುವುದು. ಇಂಥದ್ದನ್ನು ನಮ್ಮ ದೇಶದಲ್ಲಿ ಎಸಿಟಲೊಪ್ರಾಮ್ ಜೊತೆ ಒಂದೇ ಮಾತ್ರೆಯೊಳಗೆ ಬೆಸೆದು ಹತ್ತಾರು ಹೆಸರಿನಲ್ಲಿ ಮಾರುತ್ತಾರೆ. ಬೆಸೆದ ಮೇಲೆ ಒಂದನ್ನು ನಿಲ್ಲಿಸಿ ಇನ್ನೊಂದನ್ನು ಮುಂದುವರಿಸುವುದು ಹೇಗೆ? ತಿಂಗಳಿಗೆ ನಿಲ್ಲಬೇಕಾದದ್ದನ್ನೂ ವರ್ಷ ನಡೆಯಬೇಕಾದದ್ದನ್ನೂ ಒಂದೇ ನೊಗಕ್ಕೆ ಹೂಡುವುದು ನನ್ನ ದೃಷ್ಟಿಯಲ್ಲಿ ಮಾರಾಟದ ಜಾಣತನ, ವೈದ್ಯದ ಜಾಣತನವಲ್ಲ.

ಇಂಥ ಜೋಡಿಮಾತ್ರೆಯ ಜಗಳ ಒಮ್ಮೆ ಬೆಂಗಳೂರಿನವರೆಗೂ ಬಂದಿತ್ತು. ಫ್ಲುಪೆಂಟಿಕ್ಸಾಲ್ ಮತ್ತು ಮೆಲಿಟ್ರಾಸೆನ್ ಬೆಸೆದ ಮಾತ್ರೆಯೊಂದು ಮಂಕು, ಬೇಸರ, ತಳಮಳಗಳಿಗೆಂದು ದೇಶದಲ್ಲೆಲ್ಲ ಧಾರಾಳವಾಗಿ ಮಾರಾಟವಾಗುತ್ತಿತ್ತು. ತಯಾರಿಸುವ ಕಂಪನಿಯ ತವರಾದ ಡೆನ್ಮಾರ್ಕಿನಲ್ಲೇ ಅದಕ್ಕೆ ಅನುಮತಿ ಇಲ್ಲ ಎಂದು ಸಂಸತ್ತಿನ ಆರೋಗ್ಯ ಸ್ಥಾಯಿ ಸಮಿತಿ 2012ರ ಮೇ ತಿಂಗಳ ತನ್ನ 59ನೇ ವರದಿಯಲ್ಲಿ ಎತ್ತಿ ತೋರಿಸಿತು. 2013ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಅದರ ತಯಾರಿಕೆ, ಮಾರಾಟಕ್ಕೆ ತಡೆ ಹಾಕಿತು. ಕಂಪನಿ ಕರ್ನಾಟಕ ಹೈಕೋರ್ಟಿನ ಮೆಟ್ಟಿಲು ಹತ್ತಿತು. ಮಾತ್ರೆಗಳನ್ನು ಬೆಸೆಯುವುದು ಎಷ್ಟು ಸುಲಭ, ಬಿಡಿಸುವುದು ಎಷ್ಟು ಕಷ್ಟ ಎಂದು ಆಗ ಎಲ್ಲರೂ ಕಂಡರು.

ರಾಸ್ತಾ ಪೇಟೆಯ ರಕ್ತಪರೀಕ್ಷೆ

ಪುಣೆಯಲ್ಲಿ ಕೂತು ಈ ವಿಷಯ ಬರೆಯುವಾಗ ರಾಸ್ತಾ ಪೇಟೆಯ ಕೆಇಎಂ ಆಸ್ಪತ್ರೆಯನ್ನು ಬಿಟ್ಟು ಮುಂದೆ ಹೋಗಲಾಗದು. ಅಲ್ಲಿನ ಮಧುಮೇಹ ಸಂಶೋಧಕ ಡಾ. ಚಿತ್ತರಂಜನ್ ಯಾಜ್ಞಿಕ್ ಅವರ ತಂಡ ಪುಣೆ ಮತ್ತು ಸುತ್ತಲ ಹಳ್ಳಿಗಳ 441 ನಡುವಯಸ್ಸಿನ ಗಂಡಸರ ರಕ್ತ ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದ ವರದಿ ನೋಡಿ. ನೂರಕ್ಕೆ 67 ಜನರಲ್ಲಿ ಬಿ12 ಜೀವಸತ್ವ ಕಡಿಮೆ. ಹಳ್ಳಿಯವರಿಗಿಂತ, ಕೊಳೆಗೇರಿಯವರಿಗಿಂತ ನಗರದ ಮಧ್ಯಮವರ್ಗದವರಲ್ಲೇ ಕೊರತೆ ಹೆಚ್ಚು: ನೂರಕ್ಕೆ 81. ತಟ್ಟೆ ತುಂಬ ಉಣ್ಣುವವರ ರಕ್ತವೇ ಹೀಗೆ. ಹಾಲು ಮೊಸರು ಬಿಟ್ಟರೆ ಸಸ್ಯಾಹಾರದಲ್ಲಿ ಬಿ12 ಸಿಗುವುದು ಅಷ್ಟಕ್ಕಷ್ಟೇ. ಅದರ ಮೇಲೆ ಮಧುಮೇಹದ ಮೆಟ್‌ಫಾರ್ಮಿನ್, ಅಸಿಡಿಟಿಯ ಮಾತ್ರೆ ಎರಡೂ ಅದನ್ನು ಇನ್ನಷ್ಟು ಇಳಿಸುತ್ತವೆ.

ಬಿ12 ಕಡಿಮೆಯಾದರೆ ಸುಸ್ತು, ಮರೆವು, ಕೈಕಾಲು ಜುಮುಜುಮು, ಯಾವುದರಲ್ಲೂ ಮನಸ್ಸಿಲ್ಲದಿರುವುದು. ಖಿನ್ನತೆಯನ್ನೇ ಹೋಲುವ ಲಕ್ಷಣ ಇವು. ಕರಾಚಿಯ ವೈದ್ಯರು 2013ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದರಲ್ಲಿ, ಬಿ12 ಕೆಳಗಂಚಿನಲ್ಲಿದ್ದ 73 ಖಿನ್ನರ ಪೈಕಿ ಮಾತ್ರೆಯ ಜೊತೆ ಬಿ12 ಇಂಜೆಕ್ಷನ್ನನ್ನೂ ಪಡೆದವರು ಬರೀ ಮಾತ್ರೆಯವರಿಗಿಂತ ಹೆಚ್ಚು ಚೇತರಿಸಿಕೊಂಡರು. ಸಣ್ಣ ಪರೀಕ್ಷೆ, ಇದನ್ನೇ ವೇದವಾಕ್ಯ ಮಾಡಬೇಕಿಲ್ಲ. ಬಿ12ರ ಅಕ್ಕನಂಥ ಫೋಲಿಕ್ ಆಮ್ಲದ ಕಥೆ ಎಚ್ಚರ ಹೇಳುತ್ತದೆ. ಅದನ್ನು ಸೇರಿಸಿದರೆ ಫ್ಲುಆಕ್ಸೆಟಿನ್ ಹೆಂಗಸರಲ್ಲಿ ಚೆನ್ನಾಗಿ ನಾಟುತ್ತದೆ ಎಂದು ಬ್ರಿಟನ್ನಿನ ಅಲೆಕ್ ಕಾಪೆನ್ 2000ದಲ್ಲಿ 127 ಜನರ ಪರೀಕ್ಷೆಯಿಂದ ತೋರಿಸಿದರು. 2014ರಲ್ಲಿ ಅದೇ ಬ್ರಿಟನ್ನಿನ ದೊಡ್ಡ ಪರೀಕ್ಷೆ ಲಾಭವಿಲ್ಲ ಎಂದಿತು.

ಆದರೂ ನನಗೆ ತಿಳಿದ ಮಟ್ಟಿಗೆ, ಎರಡನೆಯ ಮಾನಸಿಕ ಔಷಧಿ ಸೇರಿಸುವ ಮೊದಲು ಥೈರಾಯ್ಡ್, ಹಿಮೋಗ್ಲೋಬಿನ್, ಬಿ12 ಮೂರನ್ನು ನೋಡಿಬಿಡುವುದಕ್ಕಿಂತ ಅಗ್ಗದ ಉಪಾಯವಿಲ್ಲ. ನನ್ನ ತಮ್ಮನಿಗೆ ನಾಲ್ಕು ವರ್ಷದಲ್ಲಿ ಒಮ್ಮೆಯೂ ಯಾರೂ ರಕ್ತ ತೆಗೆದು ನೋಡಿರಲಿಲ್ಲ.

ಬೆಳ್ಳೂರಿನಿಂದ ಬಂದ ಹುಡುಗ

ಪುಣೆಯ ಕನ್ನಡಿಗರು ಹೆಮ್ಮೆಯಿಂದ ಹೇಳಿಕೊಳ್ಳುವ ಹೆಸರುಗಳಲ್ಲಿ ಭೀಮಸೇನ ಜೋಶಿಯವರ ಜೊತೆಗೇ ಬರುವುದು ಬಿ.ಕೆ.ಎಸ್. ಅಯ್ಯಂಗಾರ್. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರ ಡಿಸೆಂಬರ್‌ನಲ್ಲಿ, ಇನ್‌ಫ್ಲುಯೆಂಜಾ ಹಾವಳಿಯ ನಡುವೆ ಹುಟ್ಟಿದ ಕೂಸು. ಬಾಲ್ಯದಲ್ಲಿ ಮಲೇರಿಯಾ, ಟೈಫಾಯ್ಡ್, ಕ್ಷಯ ಎಲ್ಲ ಬಡಿದವು. ಮೈಸೂರಿನಲ್ಲಿ ಭಾವ ಕೃಷ್ಣಮಾಚಾರ್ಯರ ಬಳಿ ಯೋಗ ಕಲಿತು, 1937ರಲ್ಲಿ ಡೆಕ್ಕನ್ ಜಿಮ್ಖಾನಾದಲ್ಲಿ ಆರು ತಿಂಗಳು ಕಲಿಸಲೆಂದು ಪುಣೆಗೆ ಬಂದಾಗ ಇನ್ನೂ ಹದಿನೆಂಟು. ಮರಾಠಿ ಬಾರದು, ಇಂಗ್ಲಿಷ್ ಅರೆಬರೆ. ಬಂದವರು 2014ರಲ್ಲಿ ತೀರಿಕೊಳ್ಳುವವರೆಗೂ ಇಲ್ಲೇ ಉಳಿದರು.

ಅವರ ಹೆಸರು ಇಲ್ಲಿ ಬರಲು ಕಾರಣವಿದೆ. 2007ರಲ್ಲಿ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಡ್ ಶಪೀರೊ, ಖಿನ್ನತೆಯ ಮಾತ್ರೆ ತೆಗೆದುಕೊಂಡು ಅರ್ಧಂಬರ್ಧ ಗುಣವಾಗಿ ಅಲ್ಲೇ ನಿಂತಿದ್ದವರಿಗೆ ಎರಡನೆಯ ಮಾತ್ರೆಯ ಜಾಗದಲ್ಲಿ ಅಯ್ಯಂಗಾರ್ ಪದ್ಧತಿಯ ಯೋಗ ಕೊಟ್ಟು ನೋಡಿದರು. 37 ಜನ ಸೇರಿದರು, ಕೊನೆತನಕ ಉಳಿದವರು 17. ಆ ಹದಿನೇಳರಲ್ಲಿ 11 ಮಂದಿ ಪೂರ್ತಿ ಗುಣದ ಮಟ್ಟಕ್ಕೆ ಬಂದರು. ಹೋಲಿಸಿ ನೋಡಲು ಯೋಗ ಮಾಡದ ಇನ್ನೊಂದು ಗುಂಪಿರಲಿಲ್ಲ. ಅರ್ಧಕ್ಕಿಂತ ಹೆಚ್ಚು ಜನ ನಡುವೆಯೇ ಬಿಟ್ಟದ್ದನ್ನೂ ಮರೆಯಬಾರದು. ಖಿನ್ನತೆಯಲ್ಲಿ ಹಾಸಿಗೆಯಿಂದ ಏಳುವುದೇ ಪರ್ವತ ಹತ್ತಿದಂತೆ, ಚಾಪೆ ಬಿಡಿಸುವುದು ಆಮೇಲಿನ ಮಾತು.

ನಮ್ಮ ನಿಮ್ಹಾನ್ಸ್ ಇದಕ್ಕೂ ಮೊದಲೇ, 2000ದಲ್ಲಿ, ಇನ್ನೂ ಗಟ್ಟಿಯಾದ ಹೋಲಿಕೆ ಮಾಡಿತ್ತು. ಜಾನಕಿರಾಮಯ್ಯ, ಗಂಗಾಧರ್ ಮತ್ತಿತರರು ತೀವ್ರ ಖಿನ್ನತೆಯ 45 ರೋಗಿಗಳನ್ನು ಹದಿನೈದರಂತೆ ಮೂರು ಗುಂಪು ಮಾಡಿದರು. ವಿದ್ಯುತ್ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 93, ಇಮಿಪ್ರಮಿನ್‌ನವರಲ್ಲಿ 73, ಸುದರ್ಶನ ಕ್ರಿಯೆಯ ಉಸಿರಾಟ ಮಾಡಿದವರಲ್ಲಿ 67 ಜನ ನಾಲ್ಕು ವಾರಕ್ಕೆ ಗುಣವಾದರು. ಇದನ್ನು ಯೋಗದ ಗೆಲುವೆಂದು ಭಾಷಣಗಳಲ್ಲಿ ಹೇಳುತ್ತಾರೆ. ನನಗೆ ಕಾಣುವುದು ಮೊದಲ ಅಂಕಿ. ಸಿನಿಮಾಗಳು ಹೆದರಿಸಿಟ್ಟ 'ಕರೆಂಟ್ ಕೊಡೋದು' ಇಂದಿಗೂ ಅತಿ ತೀವ್ರ ಖಿನ್ನತೆಯಲ್ಲಿ, ಊಟ ನೀರು ಬಿಟ್ಟವರಲ್ಲಿ, ಜೀವಕ್ಕೆ ಅಪಾಯವಿರುವವರಲ್ಲಿ ಬೇಗ ಕೆಲಸ ಮಾಡುವ ಚಿಕಿತ್ಸೆಗಳಲ್ಲೊಂದು. ಈಗ ಅದನ್ನು ಅರಿವಳಿಕೆ ಕೊಟ್ಟೇ ಮಾಡುತ್ತಾರೆ. ವೇಗ ಬೇಕೆಂದು ಕೇಳುವವರು ಈ ಹೆಸರು ಕೇಳಿದೊಡನೆ ಎದ್ದು ಹೋಗುವುದು ವಿಚಿತ್ರ.

ಕಾಸವ

ಮರಾಠಿಯಲ್ಲಿ ಕಾಸವ ಎಂದರೆ ಆಮೆ. ಪುಣೆಯ ಸುಮಿತ್ರಾ ಭಾವೆ ಮತ್ತು ಸುನೀಲ್ ಸುಕ್ಥಣಕರ್ ನಿರ್ದೇಶಿಸಿದ ಆ ಹೆಸರಿನ ಚಿತ್ರಕ್ಕೆ 2017ರಲ್ಲಿ ಘೋಷಣೆಯಾದ 64ನೇ ರಾಷ್ಟ್ರೀಯ ಪ್ರಶಸ್ತಿಗಳಲ್ಲಿ ಸ್ವರ್ಣಕಮಲ ಬಂತು. ನಿರ್ಮಾಪಕರಲ್ಲೊಬ್ಬರಾದ, ಅದರಲ್ಲಿ ನಟಿಸಿಯೂ ಇರುವ ಡಾ. ಮೋಹನ್ ಆಗಾಶೆ 'ಘಾಶೀರಾಮ್ ಕೋತ್ವಾಲ್' ನಾಟಕದ ನಾನಾ ಫಡ್ನವೀಸ್ ಆಗಿ ನಮಗೆಲ್ಲ ಗೊತ್ತು. ವೃತ್ತಿಯಿಂದ ಅವರು ಮನೋವೈದ್ಯರು, ಇಲ್ಲಿನ ಬಿ.ಜೆ. ವೈದ್ಯಕೀಯ ಕಾಲೇಜಿನಲ್ಲಿ ಕಲಿಸಿದವರು. ಖಿನ್ನತೆಯ ಆಳಕ್ಕಿಳಿದ ಹುಡುಗನೊಬ್ಬನನ್ನು ಕೊಂಕಣದ ಕಡಲತೀರದ ಮನೆಗೆ ಕರೆತಂದು, ಅವನನ್ನು ಸರಿಮಾಡುವ ಅವಸರವಿಲ್ಲದೆ ಜಾಗ ಕೊಡುವ ಹೆಂಗಸಿನ ಕಥೆ ಅದು. ಹಿನ್ನೆಲೆಯಲ್ಲಿ ಮೊಟ್ಟೆಯಿಡಲು ಬರುವ ಕಡಲಾಮೆಗಳು.

ಆ ಸಿನಿಮಾವನ್ನು ತಮ್ಮನ ಜೊತೆ ಕೂತು ನೋಡಿದೆ. ಮುಗಿದ ಮೇಲೆ ಅವನು ಹೇಳಿದ್ದು ಒಂದೇ ಮಾತು: "ನನಗ ಯಾರೂ ಹೇಳಲೇ ಇಲ್ಲಲ್ಲಣ್ಣಾ, ಇದು ಹಿಂಗ ನಿಧಾನ ಅಂತ." ಆಮೇಲೆ ಅವನು ಬೇರೆ ಮನೋವೈದ್ಯರ ಬಳಿ ಹೋದ. ಅವರು ಮೊದಲ ದಿನವೇ ಕ್ಯಾಲೆಂಡರ್ ತೆಗೆದು ತೋರಿಸಿದರಂತೆ. ಈ ವಾರ ವಾಕರಿಕೆ, ಮುಂದಿನ ವಾರ ನಿದ್ದೆ ಸ್ವಲ್ಪ, ಹದಿನಾಲ್ಕನೆಯ ದಿನ ಬಾ, ಐದರಲ್ಲಿ ಒಂದು ಪಾಲೂ ಬದಲಾವಣೆ ಇಲ್ಲದಿದ್ದರೆ ಆಗ ಪ್ರಮಾಣ ಅಥವಾ ಮಾತ್ರೆ ಬದಲಿಸೋಣ. ಹದಿನಾಲ್ಕು ದಿನಕ್ಕೆ ಹಾಗೆ ಅಳೆಯುವುದಕ್ಕೆ ಆಧಾರವಿದೆ. ಮೊದಲೆರಡು ವಾರದಲ್ಲಿ ಅಷ್ಟೂ ಕಾಣದವರಲ್ಲಿ ಅದೇ ಮಾತ್ರೆ ಮುಂದೆ ನಾಟುವುದು ಕಡಿಮೆ ಎಂದು ಹಲವು ಪರೀಕ್ಷೆಗಳು ತೋರಿಸಿವೆ. ನಡುವೆ ಎರಡು ಸಲ ಆ ಆಸ್ಪತ್ರೆಯ ಆಪ್ತಸಮಾಲೋಚಕಿ ತಾನಾಗಿಯೇ ಫೋನ್ ಮಾಡಿದ್ದಳು. ಬಿ12 ಪರೀಕ್ಷೆ ಆಯಿತು, ಕಡಿಮೆ ಇತ್ತು, ಇಂಜೆಕ್ಷನ್ ಶುರುವಾಯಿತು. ರಾತ್ರಿಯ ಗುಳಿಗಿಯನ್ನು ಕಾಲು ಕಾಲಾಗಿ ಕತ್ತರಿಸುತ್ತಾ ಏಳು ತಿಂಗಳಲ್ಲಿ ಬಿಡಿಸಿದರು. ಎಲ್ಲಕ್ಕಿಂತ ಕಷ್ಟವಾದದ್ದು ಆ ಕೊನೆಯ ಕಾಲು ಗುಳಿಗಿ ಎನ್ನುತ್ತಾನೆ.

ನಿಮ್ಹಾನ್ಸ್ ಮುಂದಾಳತ್ವದಲ್ಲಿ 12 ರಾಜ್ಯಗಳಲ್ಲಿ ನಡೆದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಈ ದೇಶದಲ್ಲಿ ಇಪ್ಪತ್ತರಲ್ಲಿ ಒಬ್ಬರು ಬದುಕಿನಲ್ಲಿ ಒಮ್ಮೆಯಾದರೂ ಖಿನ್ನತೆ ಅನುಭವಿಸುತ್ತಾರೆ, ಖಿನ್ನತೆಯಿರುವ ನೂರರಲ್ಲಿ ಸುಮಾರು 85 ಜನಕ್ಕೆ ಚಿಕಿತ್ಸೆಯೇ ಸಿಗುತ್ತಿಲ್ಲ. ಯೆರವಡದಲ್ಲಿ 2,540 ಹಾಸಿಗೆಗಳ ಮಾನಸಿಕ ಆಸ್ಪತ್ರೆಯಿರುವ ಊರು ಇದು. ಹಾಗಿದ್ದೂ ಆ ಹೆಸರು ಇಲ್ಲಿ ಬೈಗುಳವಾಗಿಯೇ ಹೆಚ್ಚು ಬಳಕೆ, ಧಾರವಾಡದ ಆಸ್ಪತ್ರೆಯ ಹೆಸರು ನಮ್ಮ ಕಡೆ ಬಳಕೆಯಾದಂತೆ. ನೂರರಲ್ಲಿ ಚಿಕಿತ್ಸೆಯ ಬಾಗಿಲು ದಾಟಿ ಬಂದ ಆ ಹದಿನೈದು ಜನರೂ ಮೊದಲ ಮೂರು ವಾರದಲ್ಲಿ ಜಾರಿಹೋದರೆ ಹೊಸ ಔಷಧಿ ಎಷ್ಟು ವೇಗದ್ದಾದರೇನು?

ನಿಮಗೋ ನಿಮ್ಮ ಮನೆಯವರಿಗೋ ಈ ಮಾತ್ರೆ ಶುರುವಾಗಿದ್ದರೆ, ಎರಡನೆಯ ಮಾತ್ರೆ ಯಾಕೆ, ಯಾವ ತಾರೀಖಿನವರೆಗೆ ಎಂದು ಕೇಳಿ ಚೀಟಿಯ ಮೇಲೆಯೇ ಬರೆಸಿಕೊಳ್ಳಿ. ಎರಡು ವಾರದೊಳಗೆ ಮತ್ತೆ ಭೇಟಿ ಕೊಡಲು ಹೇಳಿ. ಯಾವುದನ್ನೂ ನೀವಾಗಿ ನಿಲ್ಲಿಸಬೇಡಿ. ನಡುವೆ ಒಂದು ರಾತ್ರಿ ತಡೆಯಲಾಗದೆ ಹೋದರೆ, ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರುಮಾಡಿದ ಟೆಲಿ-ಮಾನಸ್ ಸಂಖ್ಯೆ 14416. ಹಗಲು ರಾತ್ರಿ ಎತ್ತುತ್ತಾರೆ, ದುಡ್ಡಿಲ್ಲ. ಭಾಷೆ ಆರಿಸಿಕೊಳ್ಳಬಹುದು, ಕನ್ನಡವೂ ಇದೆ.